ಕರಾವಳಿಯಲ್ಲಿ ಕ್ಯಾಂಪರ್ ವ್ಯಾನಿಗೆ ರಾತ್ರಿ ನಿಲ್ಲಲು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹಳೆಯ ಟೆಂಪೊ ಟ್ರಾವೆಲರಿಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಕಡಲ ಕಡೆ ಹೊರಡುವವರು ನಮ್ಮ ಮಂಡ್ಯ, ಮೈಸೂರು ಕಡೆಯೂ ಈಗ ಜಾಸ್ತಿಯಾಗಿದ್ದಾರೆ. ನಾನು ಮಂಡ್ಯದಲ್ಲಿ ಟಿಂಕರಿಂಗ್ ಶೆಡ್ ಇಟ್ಟುಕೊಂಡಿದ್ದೇನೆ. ಇಂಥ ಗಾಡಿಗಳ ಬಾಡಿ ಕೆಲಸ ಮಾಡುತ್ತೇನೆ, ಮನೆಯವರನ್ನು ಕರೆದುಕೊಂಡು ನಾನೂ ಹೋಗುತ್ತೇನೆ. ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನಲ್ಲಿ ಹೆದ್ದಾರಿ ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ. ಕಡಲು ಕಂಡ ಮೇಲೆ ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು ಅನ್ನುವುದೇ ಪ್ರಶ್ನೆ.

ಪೆಟ್ರೋಲ್ ಬಂಕಿನವರು ಬೇಡ ಅನ್ನುತ್ತಾರೆ. ದೇವಸ್ಥಾನದ ಬಯಲು ಹಬ್ಬ ಬಂದರೆ ತುಂಬಿರುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಇರುವುದೇ ಹೆದ್ದಾರಿ. ಅಲ್ಲಿ ರಾತ್ರಿ ಗಾಡಿ ನಿಲ್ಲಿಸುವುದು ಲಾರಿಗೆ ತಲೆ ಕೊಟ್ಟ ಹಾಗೆ. ಕೊನೆಗೆ ಜನ ಯಾವುದಾದರೂ ಮಣ್ಣು ದಾರಿ ಹಿಡಿದು ಗಾಳಿಮರದ ತೋಪಿಗೋ ಮರಳಿಗೋ ಇಳಿಯುತ್ತಾರೆ. ಪಾತ್ರೆ ತೊಳೆದ ನೀರು, ಬಚ್ಚಲ ನೀರು ಎಲ್ಲ ಅಲ್ಲೇ. ಪೋರ್ಟಬಲ್ ಟಾಯ್ಲೆಟ್ ಡಬ್ಬಿಯನ್ನೂ ಪೊದೆಯಲ್ಲಿ ಮಗುಚಿ ಹೋಗುವವರಿದ್ದಾರೆ. ಬೆಳಗ್ಗೆ ಅದೇ ಜಾಗಕ್ಕೆ ಮೀನುಗಾರರು ಬಲೆ ಹರಡಲು ಬರುತ್ತಾರೆ. ಅವರು ಬೈದರೆ ತಪ್ಪೇನಿದೆ?

ಚಳಿಗಾಲದ್ದು ಬೇರೆಯೇ ಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ, ಎಲ್ಲರೂ ಆಗಲೇ ಹೋಗುವುದು. ಕಡಲಾಮೆ ಮೊಟ್ಟೆ ಇಡಲು ಮೇಲೆ ಬರುವುದೂ ಹೆಚ್ಚುಕಮ್ಮಿ ಆಗಲೇ. ಹೊನ್ನಾವರದ ಕಾಸರಕೋಡು ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಮರಿ ಹೊರಬೀಳುವುದು ಸಾಮಾನ್ಯವಾಗಿ ರಾತ್ರಿ ಹೊತ್ತು. ಬೆಳಕು ಎಲ್ಲಿ ಜಾಸ್ತಿಯೋ ಆ ಕಡೆ ತೆವಳುವುದು ಅವುಗಳ ಸ್ವಭಾವ. ಕತ್ತಲಲ್ಲಿ ಕಡಲೇ ಬೆಳ್ಳಗೆ ಕಾಣಬೇಕು. ದಡದಲ್ಲಿ ವ್ಯಾನಿನ ಎಲ್‌ಇಡಿ ಪಟ್ಟಿ ಉರಿಯುತ್ತಿದ್ದರೆ ಮರಿಗಳು ಗಾಡಿ ಕಡೆಗೇ ಬರುತ್ತವೆ. ಆ ಕಡೆ ಒಂದು ರಾತ್ರಿ ಪಕ್ಕದ ವ್ಯಾನಿನವರು ಟಾಪ್ ಮೇಲಿನ ಲೈಟು ಹಾಕಿಕೊಂಡು ಕೂತಿದ್ದರು. ಮೀನುಗಾರರ ಕೇರಿಯ ಒಬ್ಬ ಅಜ್ಜಿ ಕೋಲೂರಿಕೊಂಡು ಅಷ್ಟು ದೂರ ನಡೆದು ಬಂದು, 'ಲೈಟ್ ಆರಿಸಿ ಮಾರಾಯ್ರೆ, ಆಮೆ ಬರೋ ಹೊತ್ತು' ಅಂದರು. ಅವರು ತಕ್ಷಣ ಆರಿಸಿದರು. ಹೇಳಿದರೆ ಕೇಳುತ್ತಾರೆ, ಹೇಳುವ ಒಂದು ಬೋರ್ಡು ಕೂಡ ಅಲ್ಲಿ ನನಗೆ ಕಾಣಲಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಬಾಡಿಯೊಳಗೆ ರಾತ್ರಿಯೂ ನಿದ್ದೆ ಬರುವುದಿಲ್ಲ, ಮೈಯೆಲ್ಲ ಅಂಟು. ಗಾಳಿಗೆಂದು ಜನ ನೀರಿನ ಅಂಚಿಗೇ ಗಾಡಿ ತರುತ್ತಾರೆ. ಒದ್ದೆ ಮರಳು ಗಟ್ಟಿಯಾಗಿ ಕಾಣುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜಾಸ್ತಿ, ಚಕ್ರದ ಕೆಳಗಿನ ಮರಳು ಕೊಚ್ಚಿಕೊಂಡು ಹೋಗುತ್ತದೆ. ಹಾಗೆ ಸಿಕ್ಕಿಬಿದ್ದ ಒಂದು ಗಾಡಿ ನನ್ನ ಶೆಡ್ಡಿಗೆ ಬಂದಿತ್ತು. ಹೊರಗೆ ಪೇಂಟು ಹೊಸದರ ಹಾಗಿದೆ, ಬಾಗಿಲಿನ ಕೆಳಗಿನ ಮಡಿಕೆಗೆ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಯಿತು. ನೀರು ಇಳಿಯಲು ಬಿಟ್ಟ ತೂತುಗಳಲ್ಲಿ ಉಪ್ಪುನೀರು ಕೂತು ಒಳಗಿನಿಂದ ತಿಂದಿತ್ತು. ಕಡಲಿಗೆ ಹೋಗಿ ಬಂದವರು ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಲೇಬೇಕು, ಈ ಮಾತು ಗಾಡಿ ಇಟ್ಟುಕೊಂಡವರಿಗೆ.

ಮಳೆಗಾಲದಲ್ಲಂತೂ ಹೋಗಲೇಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿ ನಿಂತಿದ್ದವರ ಮೇಲೇ ಬಿತ್ತು, ಲಾರಿಯೊಂದು ಗಂಗಾವಳಿ ನದಿ ಪಾಲಾಯಿತು. ನಿಂತ ಗಾಡಿಯೊಳಗೆ ಮಲಗುವವರು ಇದನ್ನು ಮರೆಯಬಾರದು. ಇನ್ನೊಂದು ಅಪಾಯ ಒಳಗೇ ಇದೆ. ಮಳೆ ಅಂತ ಕಿಟಕಿ ಎಲ್ಲ ಮುಚ್ಚಿ ಗ್ಯಾಸ್ ಒಲೆ ಹಚ್ಚುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ನೆಲಮಟ್ಟದಲ್ಲಿ ಗಾಳಿಕಿಂಡಿ ಬಿಡದೆ ಸಿಲಿಂಡರ್ ಕೂರಿಸಿಕೊಡಿ ಅಂದರೆ ನಾನು ಆ ಕೆಲಸ ಹಿಡಿಯುವುದೇ ಇಲ್ಲ.

ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ಯೋಜನೆ ತಂದಿತು, ಆಮೇಲೆ ವಾಗಮಣ್‌ನಲ್ಲಿ ಅದಕ್ಕೇ ಪಾರ್ಕ್ ಶುರುವಾಯಿತು. ನಮ್ಮ ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಬಂತು. ಬೀಚು ಚೊಕ್ಕಟವಾಗಿ ಇಡುವುದು ನಮಗೂ ಗೊತ್ತು ಅಲ್ವಾ? ನಾನು ಕೇಳುತ್ತಿರುವುದು ರೆಸಾರ್ಟ್ ಅಲ್ಲ. ರಸ್ತೆಯ ಆಚೆ, ಕಡಲಿಗೆ ಬೆನ್ನು ಮಾಡಿದ ಒಂದು ಗಟ್ಟಿ ನೆಲ. ಶೌಚಾಲಯ, ಒಂದು ನಲ್ಲಿ, ಕೊಳಕು ನೀರು ಸುರಿಯಲು ಮುಚ್ಚಿದ ಗುಂಡಿ, ತಲೆ ತಗ್ಗಿಸಿದ ದೀಪ. ದುಡ್ಡು ಕೊಡಲು ನಾವು ತಯಾರು, ಆ ದುಡ್ಡು ಗ್ರಾಮ ಪಂಚಾಯಿತಿಗೇ ಸೇರಲಿ. ಅಕ್ಟೋಬರಿನಿಂದ ಮೇವರೆಗೆ ತೆರೆದಿರಲಿ, ಜೂನ್ ಬಂದ ಕೂಡಲೇ ಚೈನು ಹಾಕಿ ಬೀಗ ಜಡಿಯಲಿ. ಇಂಥ ಜಾಗ ಮಾಡಿದ ಮೇಲೂ ಮರಳಿಗೆ ಗಾಡಿ ಇಳಿಸಿದವರಿಗೆ ದಂಡ ಹಾಕಲಿ.

ಮೊದಲು ಕುಮಟಾ, ಹೊನ್ನಾವರ, ಬೈಂದೂರು, ಕಾಪು ತಾಲ್ಲೂಕುಗಳಲ್ಲಿ ಒಂದೊಂದು ಜಾಗ ಗುರುತಿಸಿದರೆ ಸಾಕು. ಯಾವ ಜಾಗ ಅನ್ನುವುದನ್ನು ಅಲ್ಲಿನ ಮೀನುಗಾರರನ್ನು ಕೇಳಿಯೇ ತೀರ್ಮಾನ ಮಾಡಬೇಕು. ಬಲೆ ಎಲ್ಲಿ ಒಣಗುತ್ತದೆ, ಆಮೆ ಎಲ್ಲಿ ಹತ್ತುತ್ತದೆ, ಉಬ್ಬರ ಎಲ್ಲಿವರೆಗೆ ಬರುತ್ತದೆ ಎಂದು ಗೊತ್ತಿರುವುದು ಅವರಿಗೆ.

— ಒಬ್ಬ ಓದುಗ, ಮಂಡ್ಯ