ಬೋರಲು ಮಲಗಿದ್ದಾಗ ನನ್ನ ತಂಡ ಆಡಿಸಿದವರಿಗೆ

ಹೊಸ ಸೀಸನ್ ಶುರುವಾಗುವ ಮುಂಚೆ ತಂಡದ ಮುನ್ನೋಟ ಬರೆಯುವುದು ನಮ್ಮ ಲೀಗ್‌ನಲ್ಲಿ ವಾಡಿಕೆ. ಯಾರು ಬಂದರು, ಯಾರು ಹೋದರು, ಎಷ್ಟು ಪಂದ್ಯ ಗೆಲ್ಲಬಹುದು ಅಂತ ಒಂದಿಷ್ಟು ಜಂಬ ಕೊಚ್ಚಿಕೊಳ್ಳುವುದು. ಈ ಸಲ ನಾನು ಹಾಗೆ ಮಾಡುವಂತಿಲ್ಲ. ತಂಡ ನನ್ನ ಹೆಸರಲ್ಲಿದೆ ನಿಜ. ಆದರೆ ಕಳೆದ ಸೀಸನ್‌ನ ಅರ್ಧಕ್ಕಿಂತ ಜಾಸ್ತಿ ಅದನ್ನು ಆಡಿಸಿದವರು ಬೇರೆಯವರು. ಹಾಗಾಗಿ ಮುನ್ನೋಟದ ಜೊತೆಗೆ ಥ್ಯಾಂಕ್ಸ್ ಕೂಡ ಇಲ್ಲೇ ಹೇಳಿಬಿಡುತ್ತೇನೆ. ಎದುರಿಗೆ ಹೇಳೋಕೆ ಹೋದರೆ ಮೂವರೂ ಮಾತು ತಿರುಗಿಸುತ್ತಾರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ ಹಾಕಿಕೊಂಡು ಆಡುವ ಆಟ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅದಕ್ಕೆ ಡೌನ್ ಅಂತಾರೆ. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೋಲ್ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ನಾವು ಆಡುವುದು ಇದರ ಆನ್‌ಲೈನ್ ಮ್ಯಾನೇಜ್‌ಮೆಂಟ್ ಆಟ. ಬಟನ್ ಒತ್ತಿ ಯಾರನ್ನೂ ಓಡಿಸುವುದಿಲ್ಲ. 53 ಆಟಗಾರರನ್ನು ಆರಿಸಬೇಕು, ಅವರ ಸಂಬಳ ಹೊಂದಿಸಬೇಕು, ಯಾವ ಡೌನ್‌ಗೆ ಏನು ಮಾಡಬೇಕು ಅಂತ ಮೊದಲೇ ಬರೆದಿಡಬೇಕು. ರಾತ್ರಿ ಕಂಪ್ಯೂಟರ್ ಪಂದ್ಯ ಆಡಿಸುತ್ತೆ. ಒಂದೊಂದು ಆಟದ ವಿವರವೂ ಸಾಲುಸಾಲಾಗಿ ಬರುತ್ತೆ. ಅದನ್ನು ಓದುವುದೇ ಮಜಾ.

ಲೀಗ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರುವ ಹಾಗೆ 32 ತಂಡ, ನಾಲ್ಕು ನಾಲ್ಕರ ಎಂಟು ಡಿವಿಜನ್. ನಮ್ಮ ಡಿವಿಜನ್‌ನ ನಾಲ್ಕೂ ಬೆಂಗಳೂರಿನವು. ಬಸವನಗುಡಿ ನನ್ನದು, ಹೆಲ್ಮೆಟ್ ಮೇಲೆ ಗೂಳಿ. ಮಲ್ಲೇಶ್ವರ ಅಕ್ಕನದು, ಅವರು ಬ್ಯಾಂಕಿನವರು. ಜಯನಗರ ಮೇಷ್ಟ್ರದು, ಪಿಯುಸಿಗೆ ಲೆಕ್ಕ ಹೇಳಿಕೊಡುತ್ತಾರೆ. ರಾಜಾಜಿನಗರ ಒಬ್ಬ ಹುಡುಗನದು, ಇನ್ನೂ ಎಂಜಿನಿಯರಿಂಗ್ ಓದುತ್ತಿದ್ದಾನೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾನೆ. ಸೀಸನ್‌ನ 17 ಪಂದ್ಯದಲ್ಲಿ ಆರು ನಮ್ಮನಮ್ಮಲ್ಲೇ. ಅಂದರೆ ಈ ಮೂವರೂ ನನ್ನ ಖಾಯಂ ಎದುರಾಳಿಗಳು. ಮುಂದಿನ ಕಥೆ ಓದುವಾಗ ಇದು ನೆನಪಿರಲಿ.

ಕಳೆದ ಸೀಸನ್ ನಡುವೆ ನನ್ನ ಎಡಗಣ್ಣಿನ ರೆಟಿನಾ ಕಿತ್ತುಬಂತು. ಮೊದಲು ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಬೆಳಕು. ಆಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಆಮೇಲೆ ಒಂದು ಬದಿಯಿಂದ ಪರದೆ ಇಳಿಯುತ್ತಾ ಬಂತು. ನನ್ನ ಹಾಗೆ ದಪ್ಪ ಮೈನಸ್ ಕನ್ನಡಕದವರಿಗೆ ಇದರ ಅಪಾಯ ಜಾಸ್ತಿ. ಓದುತ್ತಿರುವವರಲ್ಲಿ ಯಾರಿಗಾದರೂ ಇಂಥದ್ದು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನೋವೇ ಇರುವುದಿಲ್ಲ, ಅದೇ ಇದರ ಮೋಸ.

ಆಪರೇಷನ್ ಮಾಡಿ ಕಣ್ಣೊಳಗೆ ಒಂದು ಗ್ಯಾಸ್ ಗುಳ್ಳೆ ತುಂಬಿದರು. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತೆ. ರೆಟಿನಾ ಇರುವುದು ಕಣ್ಣಿನ ಹಿಂಭಾಗದಲ್ಲಿ. ಹಾಗಾಗಿ ನಾನು ಮುಖ ಕೆಳಗೆ ಮಾಡಿಕೊಂಡಿದ್ದರೆ ಗುಳ್ಳೆ ಹೋಗಿ ರೆಟಿನಾವನ್ನು ಒತ್ತಿ ಹಿಡಿಯುತ್ತೆ. ಊಟ, ಬಾತ್‌ರೂಮು ಬಿಟ್ಟರೆ ಮಿಕ್ಕಿದ್ದೆಲ್ಲ ಬೋರಲು. ವಿಮಾನ ಹತ್ತಬೇಡಿ, ನಂದಿಬೆಟ್ಟದಂಥ ಕಡೆಗೂ ಹೋಗಬೇಡಿ ಅಂದರು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತಂತೆ. ಇನ್ನೊಂದು ಕಣ್ಣಿಗೂ ಲೇಸರ್ ಆಗಿತ್ತು. ಓದುವುದು, ಫೋನ್ ನೋಡುವುದು ಸದ್ಯಕ್ಕೆ ಬೇಡ ಅಂತ ಕಟ್ಟಪ್ಪಣೆ. ಹಾಸಿಗೆಯ ಅಂಚಿಗೆ ಹಣೆ ಇಟ್ಟು ನೆಲದ ಮೊಸಾಯಿಕ್ ಚುಕ್ಕಿ ಎಣಿಸುವುದೇ ಕೆಲಸ.

ನಮ್ಮ ಲೀಗ್‌ನಲ್ಲಿ ಮಾಲೀಕ ಮೂರು ವಾರ ಲಾಗಿನ್ ಆಗದಿದ್ದರೆ ತಂಡ ಬೇರೆಯವರಿಗೆ ಹೋಗುತ್ತೆ. ಕಾಯುತ್ತಿರುವವರ ಸಾಲು ಉದ್ದ ಇದೆ. ಅಕ್ಕ ನನಗೆ ಹೇಳದೇನೇ ಲೀಗ್ ನಡೆಸುವ ಕಮಿಷನರ್‌ಗೆ ಬರೆದರು. ಅವರು ಓಹಾಯೊದಲ್ಲಿರುವ ನಿವೃತ್ತ ಅಂಚೆ ನೌಕರರು, ನಾವು ಯಾರೂ ಅವರ ಮುಖ ನೋಡಿಲ್ಲ. ಅವರ ಉತ್ತರ ಒಂದೇ ಸಾಲು: ಮೂವರೂ ಒಪ್ಪಿದರೆ ಅವನು ಎದ್ದು ಬರುವವರೆಗೆ ನೀವೇ ನಡೆಸಿ. ಸಾರ್, ನಿಮಗೆ ಕನ್ನಡ ಬರುವುದಿಲ್ಲ, ಆದರೂ ಇಲ್ಲಿಂದಲೇ ದೊಡ್ಡ ನಮಸ್ಕಾರ.

ಮೂವರೂ ಪಾಳಿ ಹಾಕಿಕೊಂಡರು. ತಂಡ ನಡೆಸುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೇನೋ. ಪಂದ್ಯ ಮುಗಿದ ಮೇಲೆ ಫೋನ್ ಮಾಡಿ ಪೂರ್ತಿ ವಿವರ ಓದಿ ಹೇಳುತ್ತಿದ್ದರು. ಸ್ಪೀಕರ್ ಹಾಕಿ ನೆಲದ ಮೇಲೆ ಫೋನ್ ಇಟ್ಟರೆ ಸರಿಯಾಗಿ ನನ್ನ ಮೂಗಿನ ಕೆಳಗೆ ಆಟ. ಮೇಷ್ಟ್ರು ಓದುವುದು ಹಾಜರಿ ಕರೆದ ಹಾಗೆ. ಡೌನ್, ಗಜ, ಫಲಿತಾಂಶ, ಮುಂದಿನದು. ಒಂದು ಸಾಲೂ ಬಿಡುವುದಿಲ್ಲ. ನಾನು ಉಸಿರು ಬಿಟ್ಟರೆ "ಕೇಳ್ತಿದೀರಾ?" ಅಂತ ಗದರುತ್ತಾರೆ. ಹುಡುಗನದು ಪೂರ್ತಿ ಕಾಮೆಂಟರಿ. ಜನ ಕಿರುಚುವ ಸದ್ದು ಕೂಡ ಅವನೇ ಮಾಡುತ್ತಾನೆ. ಆದರೆ ಚೆಂಡು ಕೈಗೆ ಸಿಗದ ಆಟಗಳು ಅವನಿಗೆ ಬೋರು, ಹಾರಿಸಿಬಿಡುತ್ತಾನೆ. ಎರಡನೇ ಡೌನ್ ಆದ ಮೇಲೆ ಸೀದಾ ನಾಲ್ಕನೆಯದು! ಮೂರನೆಯದು ಏನಾಯ್ತೋ ಅಂದರೆ "ಬಿಡಿ ಅಣ್ಣ, ಏನೂ ಆಗಿಲ್ಲ" ಅನ್ನುತ್ತಿದ್ದ.

ಅಕ್ಕನ ವಿಷಯ ಬೇರೇನೇ ಹೇಳಬೇಕು. ಬಸವನಗುಡಿ ಮತ್ತು ಮಲ್ಲೇಶ್ವರದ ಪಂದ್ಯ ಬಂತು. ಆ ವಾರ ನನ್ನ ತಂಡದ ಯೋಜನೆ ಬರೆಯಬೇಕಿದ್ದವರು ಮೇಷ್ಟ್ರು. ಅವರಿಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸ ಬಂತು. ಹುಡುಗ ಊರಲ್ಲಿಲ್ಲ. ಉಳಿದದ್ದು ಅಕ್ಕ ಒಬ್ಬರೇ. ಎರಡೂ ಕಡೆಯ ಯೋಜನೆ ಒಬ್ಬರೇ ಬರೆಯುವುದು ಅಂದರೆ ಏನು ಬೇಕಾದರೂ ಮಾಡಬಹುದು, ಅಲ್ವಾ? ಅವರು ಮೊದಲು ತಮ್ಮ ತಂಡದ ಯೋಜನೆ ಬರೆದು, ಅದರ ಚಿತ್ರ ತೆಗೆದು ಕಮಿಷನರ್‌ಗೆ ಕಳಿಸಿದರು. ಇನ್ನು ಇದನ್ನು ಮುಟ್ಟುವುದಿಲ್ಲ ಅಂತ. ಆಮೇಲೆ ನನ್ನದಕ್ಕೆ ಕೈ ಹಾಕಿದರು. ತಮಗೆ ಏನು ತೋಚುತ್ತೆ ಅಂತ ಬರೆಯಲಿಲ್ಲ. ನನ್ನ ಹಳೆಯ ಪಂದ್ಯಗಳನ್ನು ತೆಗೆದು, ನಾನು ಯಾವ ಡೌನ್‌ಗೆ ಏನು ಮಾಡುತ್ತೇನೆ ಅಂತ ನೋಡಿ, ಹಾಗೇ ಬರೆದರು. ಬ್ಯಾಂಕಿನವರು ಬ್ಯಾಂಕಿನವರೇ.

ಫಲಿತಾಂಶವನ್ನು ತಾವೂ ಮೊದಲು ನೋಡದೆ ನನಗೆ ಓದುತ್ತಾ ಹೋದರು. ಕೊನೆಯ ಎರಡು ನಿಮಿಷ. ನಾವು 13, ಅವರು 17. ಫೀಲ್ಡ್ ಗೋಲ್ ಒದ್ದರೆ ಸಾಲದು, ಟಚ್‌ಡೌನೇ ಬೇಕು. ಚೆಂಡು ಅವರ 31 ಗಜದ ಗೆರೆ ಮೇಲೆ.

"ಮೂರನೇ ಡೌನ್, ಎರಡು ಗಜ. ನಿನ್ನ ರನ್ನಿಂಗ್ ಬ್ಯಾಕ್ ಓಡ್ದ. ಏನೂ ಸಿಗಲಿಲ್ಲ. ನಮ್ಮೋರು ಹಿಡಿದ್ರು ಕಣೋ." ದನಿಯಲ್ಲಿ ಖುಷಿ ಮುಚ್ಚಿಡೋಕೆ ಆಗಲಿಲ್ಲ ಅವರಿಗೆ. "ನಾಲ್ಕನೇ ಡೌನ್, ಎರಡು ಗಜ. ನಾವು ಬ್ಲಿಟ್ಜ್." ಅಂದರೆ ಅವರ ಕಡೆಯವರು ಜಾಸ್ತಿ ಜನ ನುಗ್ಗಿ, ಚೆಂಡು ಎಸೆಯುವ ನನ್ನ ಕ್ವಾರ್ಟರ್‌ಬ್ಯಾಕನ್ನು ಕೆಡವೋಕೆ ಬಂದರು. ಒಂದು ಕ್ಷಣ ಸುಮ್ಮನಾದರು. "ಥೂ! ಟೈಟ್ ಎಂಡ್‌ಗೆ ಎಸೆದ. ಹಿಡಿದ. ಒಬ್ಬನ್ನ ತಪ್ಪಿಸ್ಕೊಂಡ. ಇಪ್ಪತ್ತು, ಹತ್ತು... ಟಚ್‌ಡೌನ್. ನಿನ್ನ ಮನೆ ಹಾಳಾಗ."

ಟಚ್‌ಡೌನ್ ಆದಮೇಲೆ ಒದ್ದು ಗಳಿಸುವ ಒಂದು ಅಂಕವೂ ಸೇರಿ 20–17. ಟೈಟ್ ಎಂಡ್ ಅಂದರೆ ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ. ನಾಲ್ಕನೇ ಡೌನ್‌ಗೆ ಅವನಿಗೇ ಎಸೆಯಬೇಕು ಅಂತ ಬರೆದವರು ಅವರೇ, ಯಾಕೆಂದರೆ ನಾನು ಯಾವಾಗಲೂ ಅದನ್ನೇ ಬರೆಯುತ್ತೇನೆ. ಲೀಗ್‌ನ ಒಂದೊಂದು ಅರ್ಧಕ್ಕೆ, ಅಂದರೆ 16 ತಂಡಕ್ಕೆ, ಪ್ಲೇಆಫ್‌ನಲ್ಲಿ ಏಳು ಜಾಗ. ಮಲ್ಲೇಶ್ವರ ಎಂಟನೆಯದಾಗಿ ಮುಗಿಸಿತು. ಒಂದೇ ಒಂದು ಗೆಲುವು ಕಡಿಮೆ. ಅಕ್ಕ ಅದರ ಬಗ್ಗೆ ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ನಾನೇ ಎತ್ತಿದಾಗ "ಡ್ರಾಪ್ಸ್ ಹಾಕ್ಕೊಂಡ್ಯಾ?" ಅಂತ ಕೇಳಿ ಫೋನ್ ಇಟ್ಟರು.

ಇನ್ನು ಈ ಸಲದ ತಂಡ.

ಡ್ರಾಫ್ಟ್ ನಡೆದಾಗ ನನಗೆ ಇನ್ನೂ ಪರದೆ ನೋಡುವ ಹಾಗಿರಲಿಲ್ಲ. ಡ್ರಾಫ್ಟ್ ಅಂದರೆ ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸುವುದು, ಏಳು ಸುತ್ತು. ಮೊದಲ ಸುತ್ತಿನಲ್ಲಿ ನನಗೆ ರಿಸೀವರ್ ಬೇಕಿತ್ತು, ದೂರದ ಚೆಂಡು ಹಿಡಿಯುವವನು. ಮೇಷ್ಟ್ರು ಒಬ್ಬ ಲೆಫ್ಟ್ ಟ್ಯಾಕಲ್‌ನನ್ನು ತೆಗೆದುಕೊಂಡರು. ಕ್ವಾರ್ಟರ್‌ಬ್ಯಾಕ್ ಬಲಗೈಯಲ್ಲಿ ಎಸೆಯುವಾಗ ಎಡಬದಿ ಅವನಿಗೆ ಕಾಣುವುದಿಲ್ಲ. ಆ ಬದಿ ಕಾಯುವವನೇ ಲೆಫ್ಟ್ ಟ್ಯಾಕಲ್. ನನ್ನ ಎಡಗಣ್ಣಿಗೂ ಇದಕ್ಕೂ ಸೇರಿಸಿ ಜೋಕ್ ಮಾಡದವರೇ ಇಲ್ಲ. ಸಾಕು ಮಾರಾಯ್ರೆ. ಮೇಷ್ಟ್ರ ವಾದ ಏನಂದರೆ, ಎಸೆಯೋಕೆ ಟೈಮೇ ಸಿಗದಿದ್ದರೆ ಹಿಡಿಯುವವನು ಇದ್ದು ಏನು ಪ್ರಯೋಜನ. ವಾದ ಸರಿ. ಆದರೂ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ರಿಸೀವರ್‌ಗಳು ಈ ಸಲವೂ ನಿಧಾನವೇ.

ಕ್ವಾರ್ಟರ್‌ಬ್ಯಾಕ್‌ಗೆ ವಯಸ್ಸಾಯ್ತು. ಎಸೆತದ ಬಲ ಇಳಿದಿದೆ. ಬದಲಿಗೆ ಅಂತ ಹುಡುಗ ಏಳನೇ ಸುತ್ತಿನ ಕೊನೆಯಲ್ಲಿ ಒಬ್ಬನನ್ನು ಹಿಡಿದುಕೊಟ್ಟಿದ್ದಾನೆ. ಕೇಳಿದರೆ ಎನ್‌ಎಫ್‌ಎಲ್‌ನಲ್ಲಿ ಅಷ್ಟು ದೊಡ್ಡ ಹೆಸರು ಮಾಡಿದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕೂಡ 2000ರಲ್ಲಿ 199ನೆಯವನಾಗಿ ಆಯ್ಕೆಯಾದದ್ದು ಅಂತಾನೆ. ಇದನ್ನು ಎಲ್ಲರೂ ಹೇಳುತ್ತಾರಪ್ಪ ಅಂದರೆ ಬ್ರಾಕ್ ಪರ್ಡಿ ಹೆಸರು ತರುತ್ತಾನೆ. 2022ರ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯವನು. ಎರಡೇ ಸೀಸನ್‌ನಲ್ಲಿ ತನ್ನ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಎನ್‌ಎಫ್‌ಎಲ್ ಫೈನಲ್‌ಗೆ, ಕರೆದುಕೊಂಡು ಹೋದ. ಸೋತರು, ಅದು ಬೇರೆ ಮಾತು. ಕೊನೆಯ ಸುತ್ತಿನಲ್ಲಿ ಬಂದು ಹೆಸರೇ ಇಲ್ಲದೆ ಹೋದವರು ಎಷ್ಟು ಜನ ಅಂತ ಕೇಳಿದರೆ ಹುಡುಗ ಉತ್ತರ ಕೊಡುವುದಿಲ್ಲ. ಆದರೂ ಅವನಿಗೆ ಮಧ್ಯದಲ್ಲಿ ಒಂದೆರಡು ಪಂದ್ಯ ಕೊಟ್ಟು ನೋಡುತ್ತೇನೆ.

ಸಂಬಳದ ಲೆಕ್ಕ ಮಾತ್ರ ಈ ತಂಡ ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಇರಲಿಲ್ಲ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಒಂದು ತಂಡ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಅಂತ ಮಿತಿ ಇದೆ. 2025ಕ್ಕೆ ಅದು 27.92 ಕೋಟಿ ಡಾಲರ್. ನಮ್ಮ ಆಟದಲ್ಲೂ ಅದೇ ನಿಯಮ. ಇದರಲ್ಲೊಂದು ಹಳ್ಳ ಇದೆ. ಸಹಿ ಹಾಕುವಾಗ ಕೊಡುವ ಬೋನಸ್ಸನ್ನು ಕರಾರಿನ ವರ್ಷಗಳಿಗೆ ಹಂಚಿ ಲೆಕ್ಕ ಹಾಕಬಹುದು, ಐದು ವರ್ಷದವರೆಗೆ. ನಾಲ್ಕು ವರ್ಷದ ಕರಾರಿಗೆ 2 ಕೋಟಿ ಬೋನಸ್ ಕೊಟ್ಟರೆ ವರ್ಷಕ್ಕೆ 50 ಲಕ್ಷ ಅಂತ ಕಾಣುತ್ತೆ. ಹಗುರ ಅನ್ನಿಸುತ್ತೆ. ಒಂದು ವರ್ಷ ಆದಮೇಲೆ ಅವನನ್ನು ಕೈಬಿಟ್ಟರೆ ಉಳಿದ ಒಂದೂವರೆ ಕೋಟಿ ಸಾಮಾನ್ಯವಾಗಿ ಒಟ್ಟಿಗೇ ತಲೆ ಮೇಲೆ ಬೀಳುತ್ತೆ. ಆಡದವನ ಹೆಸರಲ್ಲಿ ದುಡ್ಡು. ನಮ್ಮ ಲೀಗ್‌ನಲ್ಲಿ ಇದಕ್ಕೆ ಬೀಳದವರಿಲ್ಲ. ಅಕ್ಕ ನನ್ನ ಕಡತ ಕೈಗೆ ಬಂದ ದಿನವೇ ಇಂಥ ಮೂರು ಕರಾರು ಕಂಡುಹಿಡಿದು, ಸೀಸನ್ ಹೇಗೂ ಕೈಜಾರುತ್ತಿದೆ ಅಂತ ಗೊತ್ತಾದ ಮೇಲೆ ಹಳೆಯ ಬಾಕಿಯನ್ನೆಲ್ಲ ಅದೇ ವರ್ಷಕ್ಕೆ ಹಾಕಿ ಮುಗಿಸಿದರು. ಈಗ ನನ್ನ ಹತ್ತಿರ ಒಬ್ಬ ಒಳ್ಳೆಯ ಡಿಫೆನ್ಸಿವ್ ಆಟಗಾರನನ್ನು ಕೊಳ್ಳುವಷ್ಟು ಜಾಗ ಇದೆ. ನೋಸ್ ಟ್ಯಾಕಲ್ ಹುಡುಕುತ್ತಿದ್ದೇನೆ, ಮಧ್ಯದಲ್ಲಿ ಅಲ್ಲಾಡದೆ ನಿಲ್ಲುವ ಭಾರೀ ಆಳು. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಉಳಿದದ್ದು ಎಂದಿನಂತೆ. ಒಂಬತ್ತು ಗೆದ್ದರೆ ನನಗೆ ಸಾಕು. ಡಿವಿಜನ್ ಗೆಲ್ಲುವುದು ಈ ಸಲವೂ ರಾಜಾಜಿನಗರವೇ, ಅದರಲ್ಲಿ ಅನುಮಾನ ಬೇಡ.

ಆಟದ ಹೊರಗಿನವರಿಗೂ ಹೇಳಬೇಕು. ಆಪರೇಷನ್ ಮಾಡಿದ ಡಾಕ್ಟರು, ನನ್ನ ತಲೆ ಒಂಚೂರು ಎತ್ತಿದರೂ ಹಿಡಿದು ಬಗ್ಗಿಸುತ್ತಿದ್ದ ಸಿಸ್ಟರ್. ಗಂಟೆಗೊಂದು ಡ್ರಾಪ್ಸ್ ಅಂತ ರಾತ್ರಿಯೆಲ್ಲ ಅಲಾರಂ ಇಟ್ಟುಕೊಂಡ ನನ್ನ ಹೆಂಡತಿ. ಈ ಆಟ ಅವಳಿಗೆ ಒಂದು ಚೂರೂ ಇಷ್ಟ ಇಲ್ಲ, ಆದರೂ ಒಂಬತ್ತು ಗಂಟೆಗೆ ಸರಿಯಾಗಿ ಫೋನ್ ತಂದು ನೆಲದ ಮೇಲೆ ಇಡುತ್ತಿದ್ದಳು. ಈಗ ಅವಳಿಗೆ ಡೌನ್ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತೆ. ಹುಡುಗ ಹಾರಿಸಿದ್ದನ್ನು ಅವಳೇ ಹಿಡಿಯುತ್ತಿದ್ದಳು. ಎದುರುಮನೆ ಆಂಟಿ ಕಳಿಸುತ್ತಿದ್ದ ಮೆಂತ್ಯದ ಹುಳಿಗೂ ಒಂದು ಪಾಲು ಸಲ್ಲಬೇಕು.

ಗುಳ್ಳೆ ಈಗ ಪೂರ್ತಿ ಕರಗಿದೆ. ಎಡಗಣ್ಣಲ್ಲಿ ಸಾಲುಗಳು ಸ್ವಲ್ಪ ಡೊಂಕಾಗಿ ಕಾಣುತ್ತವೆ, ಆದರೆ ಕಾಣುತ್ತವೆ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನಕ್ಕೆ ಮೂವರೂ ಬನ್ನಿ, ದೋಸೆ ನನ್ನ ಲೆಕ್ಕ. ಮೇಷ್ಟ್ರು ಶುಕ್ರವಾರ ಅಂತಿದ್ದರು. ಶುಕ್ರವಾರ ಅಲ್ಲಿ ರಜೆ ಮೇಷ್ಟ್ರೇ. ಸಾಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತೆ, ಬೇಗ ಬನ್ನಿ.

ಮೊದಲ ಪಂದ್ಯ ಮಲ್ಲೇಶ್ವರದ ಮೇಲೆ. ಅಕ್ಕಾ, ನಾನು ಯಾವ ಡೌನ್‌ಗೆ ಏನು ಮಾಡುತ್ತೇನೆ ಅಂತ ನಿಮಗೆ ಬಾಯಿಪಾಠ ಆಗಿದೆ. ಅದಕ್ಕೇ ಯೋಜನೆ ಪೂರ್ತಿ ಬದಲಿಸಿದ್ದೇನೆ. ನಾಲ್ಕನೇ ಡೌನ್ ಕೂಡ.