ರಾಜ್ಯಪಾಲರ ಆಡಳಿತದ ಕಡತಗಳು ರದ್ದಿಗೆ ಹೋಗದಿರಲಿ

ಮಾನ್ಯರೇ,

ರಾಜ್ಯಪಾಲರ ಭಾಷಣ, ಪತ್ರಗಳನ್ನೆಲ್ಲ ಬೆಂಗಳೂರಿನಲ್ಲಿ ಜೋಪಾನ ಮಾಡಿರುತ್ತಾರೆ, ಅದಕ್ಕೂ ನಮ್ಮ ಜಿಲ್ಲೆಗೂ ಏನು ಸಂಬಂಧ ಎಂದು ಕೇಳುವವರು ಹಾಸನ, ಚಿಕ್ಕಮಗಳೂರು ಕಡೆ ಬಹಳ ಮಂದಿ. ಭಾಷಣಗಳ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಸಂವಿಧಾನದ 176ನೇ ವಿಧಿಯಂತೆ ವರ್ಷದ ಮೊದಲ ಅಧಿವೇಶನದಲ್ಲಿ ಓದುವ ಭಾಷಣ ಉಭಯ ಸದನಗಳ ನಡವಳಿಯಲ್ಲಿ ಸೇರುತ್ತದೆ. ಸುಗ್ರೀವಾಜ್ಞೆಗಳು ರಾಜ್ಯಪತ್ರದಲ್ಲಿವೆ. ಕುಲಾಧಿಪತಿಯಾಗಿ ಆಡಿದ ಮಾತುಗಳನ್ನು ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಹುಡುಕಬೇಕು. ಕೈತಪ್ಪುತ್ತಿರುವ ಕಾಗದಗಳೇ ಬೇರೆ, ಅವು ಇರುವುದು ನಮ್ಮ ಜಿಲ್ಲಾ ಅಭಿಲೇಖಾಲಯಗಳಲ್ಲಿ, ಅಂದರೆ ಮುಗಿದ ಸರ್ಕಾರಿ ಕಡತಗಳನ್ನು ಇಡುವ ಕೊಠಡಿಗಳಲ್ಲಿ.

ರಾಜ್ಯದಲ್ಲಿ 1971–72, 1977–78, 1989, 1990 ಮತ್ತು 2007–08ರಲ್ಲಿ ರಾಷ್ಟ್ರಪತಿ ಆಳ್ವಿಕೆ ಇತ್ತು. ಧರ್ಮವೀರರಿಂದ ರಾಮೇಶ್ವರ ಠಾಕೂರರವರೆಗೆ ಆಯಾ ಹೊತ್ತಿನ ರಾಜ್ಯಪಾಲರೇ ಆಗ ಆಡಳಿತ ನಡೆಸಿದರು. ಮಂತ್ರಿಗಳಿರಲಿಲ್ಲ. ಬರ, ಭೂಸುಧಾರಣೆ, ಮುಳುಗಡೆ ಪರಿಹಾರ, ಅರಣ್ಯ ಒತ್ತುವರಿ ಇಂಥ ಯಾವುದರ ಬಗ್ಗೆ ಜಿಲ್ಲಾಧಿಕಾರಿ ಸರ್ಕಾರಕ್ಕೆ ಬರೆದರೂ ಅದು ರಾಜ್ಯಪಾಲರ ಆಡಳಿತಕ್ಕೆ ಬರೆದ ಪತ್ರವೇ. 1989ರ ಏಪ್ರಿಲ್ 19 ಮತ್ತು 20ರಂದು ಆಗಿನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ರಾಷ್ಟ್ರಪತಿಗೆ ಕಳಿಸಿದ ವರದಿಗಳು 1994ರ ಮಾರ್ಚ್ 11ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಚರ್ಚೆಯಾಗಿವೆ, ಯಾರು ಬೇಕಾದರೂ ತೆಗೆದು ಓದಬಹುದು. 1989ರ ಆ ಏಪ್ರಿಲ್‌ನಿಂದ ಮುಂದಿನ ಏಳು ತಿಂಗಳು ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಆಡಳಿತ ಹೇಗೆ ನಡೆಯಿತು ಎಂಬುದಕ್ಕೆ ಆ ತೀರ್ಪಿನಲ್ಲಿ ಉತ್ತರವಿಲ್ಲ. ಅದಕ್ಕೆ ಜಿಲ್ಲೆಯ ಕಡತಗಳೇ ಗತಿ.

ತೊಂದರೆ ಶುರುವಾಗುವುದು ವರ್ಗೀಕರಣದಲ್ಲಿ. ಕಡತ ಮುಕ್ತಾಯವಾದಾಗ ಅದಕ್ಕೊಂದು ಅಕ್ಷರ ಬೀಳುತ್ತದೆ: ಎ ಆದರೆ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದೇ ವರ್ಷ. ಗುಮಾಸ್ತರು ನೋಡುವುದು ವಿಷಯದ ಸಾಲನ್ನು ಮಾತ್ರ. 'ಮಾನ್ಯ ರಾಜ್ಯಪಾಲರ ಪ್ರವಾಸ ಕಾರ್ಯಕ್ರಮ' ಎಂದಿದ್ದರೆ ಊಟ, ವಾಹನ, ಬಂದೋಬಸ್ತಿನ ಕಾಗದವೆಂದು ಡಿ ಹಾಕಿಬಿಡುತ್ತಾರೆ. ಅದೇ ಕಡತದ ಒಳಗೆ ಭಾಷಣಕ್ಕಾಗಿ ಇಲಾಖೆಗಳು ಕೊಟ್ಟ ಮಾಹಿತಿ ಟಿಪ್ಪಣಿ ಇರುತ್ತದೆ, ಜನ ಕೊಟ್ಟ ಅರ್ಜಿಗಳಿರುತ್ತವೆ, ಅವುಗಳ ಮೇಲೆ ಏನು ಕ್ರಮವಾಯಿತು ಎಂಬ ಷರಾ ಇರುತ್ತದೆ. ಅಚ್ಚಾದ ಭಾಷಣಕ್ಕಿಂತ ಈ ಟಿಪ್ಪಣಿ ಹಾಳೆಗಳಿಗೇ ಬೆಲೆ ಹೆಚ್ಚು. ಯಾವ ಅಂಕಿಅಂಶ ಕೊಟ್ಟರು, ಯಾವುದನ್ನು ಹೊಡೆದುಹಾಕಿದರು ಎಂಬುದು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ: 1989ರ ಬಿ ಕಡತಗಳ ಅವಧಿ 2019ಕ್ಕೇ ಮುಗಿದಿದೆ. 2008ರ ಸಿ ಕಡತಗಳದ್ದು 2018ಕ್ಕೆ. ಅಂದರೆ ಅಭಿಲೇಖಾಲಯದಲ್ಲಿ ಜಾಗ ಸಾಲದೆಂದು ಕಡತ ನಾಶಕ್ಕೆ ಕೈಹಾಕಿದ ದಿನ ಮೊದಲು ಹೋಗುವುದೇ ಇವು.

ಉಳಿದವುಗಳಿಗೆ ಮಲೆನಾಡಿನ ಮಳೆಯೇ ಶತ್ರು. ಗಾಳಿಯ ತೇವಾಂಶ ಶೇ 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನಷ್ಟು ಹಾಳು. ಹತ್ತಿ ಬಟ್ಟೆಯ ಕಟ್ಟೇ ವಾಸಿ. ಕಪಾಟು ನೆಲದಿಂದ ಅರ್ಧ ಅಡಿ ಮೇಲಿರಲಿ, ಗೋಡೆಗೆ ತಾಗದಿರಲಿ. ಗುಂಡುಸೂಜಿ, ಸ್ಟೇಪಲ್ ಪಿನ್ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ, ಅವನ್ನು ತೆಗೆದು ದಾರದಲ್ಲಿ ಪೋಣಿಸಬೇಕು. ಹರಿದಲ್ಲಿ ಸೆಲೊ ಟೇಪ್ ಅಂಟಿಸುವುದು, ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸುವುದು ಬೇಡವೇ ಬೇಡ, ಆಮೇಲೆ ಅದನ್ನು ಬಿಡಿಸಲು ಬರುವುದಿಲ್ಲ. ಹಳೆಯ ಫ್ಯಾಕ್ಸ್ ಕಾಗದಗಳ ಅಕ್ಷರ ತಾನಾಗಿ ಅಳಿಸಿಹೋಗುತ್ತದೆ. ಕಂಡ ಕೂಡಲೇ ಜೆರಾಕ್ಸ್ ಮಾಡಿಸಿ ಪಕ್ಕದಲ್ಲಿ ಸೇರಿಸಬೇಕು.

ಸ್ಕ್ಯಾನ್ ಮಾಡಿದರೆ ಕಡಿಮೆಯೆಂದರೂ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಹಾಳೆಯ ಹಿಂಬದಿಯನ್ನೂ ಬಿಡಬಾರದು, ಷರಾ ಬರೆಯುವುದು ಎಷ್ಟೋ ಸಲ ಅಲ್ಲೇ. 'ನುಡಿ', 'ಬರಹ' ಎಂಬ ಕಂಪ್ಯೂಟರ್ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಭಾಷಣಗಳನ್ನು ಯುನಿಕೋಡ್‌ಗೆ ಪರಿವರ್ತಿಸದಿದ್ದರೆ 'ಕಾಫಿ' ಎಂದು ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ.

ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಮಾಹಿತಿ ಹಕ್ಕಿನ ಅರ್ಜಿಯಲ್ಲಿ 'ರಾಜ್ಯಪಾಲರ ಎಲ್ಲ ಕಡತ ಕೊಡಿ' ಎಂದು ಬರೆದರೆ ತಿರಸ್ಕಾರವಾಗುವುದು ಖಂಡಿತ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಮೊದಲ ಅರ್ಜಿಯಲ್ಲಿ ನಿಮಗೆ ಬೇಕಾದ ವರ್ಷದ ಕಡತ ವಹಿಯ (ರಿಜಿಸ್ಟರಿನ) ನಕಲು ಮಾತ್ರ ಕೇಳಿ, ಎರಡನೆಯದರಲ್ಲಿ ಅಲ್ಲಿ ಸಿಕ್ಕ ಕಡತ ಸಂಖ್ಯೆ ಬರೆಯಿರಿ. 20 ವರ್ಷ ಹಿಂದಿನ ಸಂಗತಿಗಳಿಗೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮಿನಂತೆ ಬಹುತೇಕ ವಿನಾಯಿತಿಗಳು ಅನ್ವಯಿಸುವುದಿಲ್ಲ, ಅದನ್ನೂ ನಮೂದಿಸಿ. 'ಕಡತ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ, ನಾಶಪಡಿಸಿದ ಕಡತಗಳ ವಹಿಯ ದೃಢೀಕೃತ ನಕಲು ಕೇಳಿ. ವಹಿಯಲ್ಲಿ ಆ ಸಂಖ್ಯೆ ಇಲ್ಲವೆಂದರೆ ಕಡತ ನಿಯಮದಂತೆ ನಾಶವಾಗಿಲ್ಲ, ಎಲ್ಲೋ ಇದೆ ಅಥವಾ ಕಳೆದಿದೆ. ಹುಡುಕಿಕೊಡುವುದು ಕಚೇರಿಯ ಹೊಣೆ.

ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ಮೇಲಿನ ಐದು ಅವಧಿಗಳ ಕಡತಗಳನ್ನು, ಯಾವ ವರ್ಗದ್ದೇ ಆಗಿರಲಿ, ನಾಶದ ಪಟ್ಟಿಯಿಂದ ಹೊರಗಿಡಿ. ರಾಜ್ಯಪಾಲರ ಪ್ರವಾಸದ ಕಡತಗಳನ್ನೂ ಇದರೊಂದಿಗೆ ಸೇರಿಸಿ. ಪಟ್ಟಿಯನ್ನು ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಗೆ ಕಳಿಸಿ, ಅಲ್ಲಿನವರು ಬಂದು ನೋಡಿ ಆರಿಸಿಕೊಳ್ಳುವವರೆಗೆ ಒಂದು ಕಟ್ಟೂ ಹೊರಹೋಗದಂತೆ ಲಿಖಿತ ಆದೇಶ ಕೊಡಿ. 1989ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನವು ಮೊದಲಾಗಲಿ.

– ಕೆಲವು ನಿವೃತ್ತ ಅಭಿಲೇಖಾಲಯ ನೌಕರರು ಮತ್ತು ಇತಿಹಾಸ ಅಧ್ಯಾಪಕರು, ಹಾಸನ