ನಮ್ಮ ಕಾಫಿಪುಡಿ ಅತ್ತಿಬೆಲೆ ದಾಟಲಿ: ಸಂಸದರಿಗೊಂದು ಬಹಿರಂಗ ಪತ್ರ

ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಸಂಸದರಿಗೆ ನಮಸ್ಕಾರಗಳು.

ಚಿಕ್ಕಮಗಳೂರು ಪೇಟೆಯಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಈಗ ನಾನು, ನನ್ನ ಹೆಂಡತಿ ಮತ್ತು ಇಬ್ಬರು ಹುಡುಗರು ನೋಡಿಕೊಳ್ಳುತ್ತೇವೆ. ಬೀಜ ಹುರಿಯುವುದು, ಪುಡಿ ಮಾಡುವುದು, ತೂಗಿ ಕೊಡುವುದು ಎಲ್ಲ ಅಲ್ಲೇ.

ಹೋದ ಶ್ರಾವಣದಲ್ಲಿ ಚೆನ್ನೈನಿಂದ ಒಬ್ಬರು ವಯಸ್ಸಾದ ಅಮ್ಮ ಫೋನ್ ಮಾಡಿದರು. ಪ್ರತಿ ವರ್ಷ ಶೃಂಗೇರಿಗೆ ಬಂದಾಗ ನಮ್ಮಲ್ಲಿ ಎರಡು ಕೆಜಿ ಪುಡಿ ಒಯ್ಯುತ್ತಿದ್ದವರು. ಪೀಬೆರಿ, ಅಂದರೆ ಹಣ್ಣಿನೊಳಗೆ ಒಂದೇ ದುಂಡು ಬೀಜ ಇರುವ ಕಾಫಿ; ಚಿಕೋರಿ ಬೇರಿನ ಪುಡಿ ಹಾಕದ್ದು. ಈ ಸಲ ಮಂಡಿ ನೋವು, ಬರೋಕಾಗಲ್ಲ, ಪೋಸ್ಟಿನಲ್ಲಿ ಕಳಿಸ್ತೀರಾ ಅಂತ ಕೇಳಿದರು. ದುಡ್ಡು ಆಗಲೇ ಕಳಿಸ್ತೀನಿ ಅಂದರು. ನಾನು ಆಗಲ್ಲಮ್ಮ ಅಂದೆ. ಯಾಕೆ ಅಂತ ಅವರಿಗೆ ಹೇಳಿ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ. ಅದನ್ನೇ ನಿಮಗೆ ಹೇಳಬೇಕು ಅಂತ ಈ ಪತ್ರ.

ಜಿಎಸ್‌ಟಿಯಲ್ಲಿ ನಮ್ಮದು ಕಾಂಪೋಸಿಷನ್. ವರ್ಷದ ವಹಿವಾಟು 1.5 ಕೋಟಿ ದಾಟದ ನಮ್ಮಂಥ ಅಂಗಡಿಗಳಿಗೆ ಇರುವ ಸರಳ ದಾರಿ. 100 ರೂಪಾಯಿ ವ್ಯಾಪಾರಕ್ಕೆ 1 ರೂಪಾಯಿ ತೆರಿಗೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು, ವರ್ಷಕ್ಕೊಂದು ರಿಟರ್ನ್. ಒಳ್ಳೆಯ ವ್ಯವಸ್ಥೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಕಾಂಪೋಸಿಷನ್‌ನಲ್ಲಿ ಇರುವವರು ರಾಜ್ಯದ ಹೊರಗೆ ಸರಕು ಕಳಿಸಿ ಮಾರುವಂತಿಲ್ಲ. 2023ರ ಅಕ್ಟೋಬರ್‌ನಿಂದ ನಮಗೂ ಆನ್‌ಲೈನ್ ಕಂಪನಿಗಳ ಮೂಲಕ ಮಾರಲು ಬಿಟ್ಟಿದ್ದಾರೆ, ಅದೂ ಕರ್ನಾಟಕದ ಒಳಗೆ ಮಾತ್ರ. ಇನ್ನು 40 ಲಕ್ಷದ ಒಳಗಿನ ವ್ಯಾಪಾರದವರಿಗೆ ಊರಲ್ಲೇ ಸರಕು ಮಾರಲು ನೋಂದಣಿಯೇ ಬೇಡ. ಅವರೂ ಒಂದು ಪ್ಯಾಕೆಟ್ ತಮಿಳುನಾಡಿಗೆ ಮಾರಿದರೆ ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಮಾಡಿಸಬೇಕು.

ಆ ಅಮ್ಮ ನಮ್ಮ ಅಂಗಡಿಗೆ ಬಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಸರಿ. ಅದೇ ಪುಡಿ, ಅದೇ ರೇಟು, ಅದೇ ತೆರಿಗೆ. ಪೋಸ್ಟಿನಲ್ಲಿ ತಮಿಳುನಾಡು ಗಡಿಯ ಅತ್ತಿಬೆಲೆ ದಾಟಿದರೆ ತಪ್ಪು.

ಕಾಂಪೋಸಿಷನ್ ಬಿಟ್ಟು ರೆಗ್ಯುಲರ್‌ಗೆ, ಅಂದರೆ ಮಾಮೂಲಿ ಜಿಎಸ್‌ಟಿಗೆ, ಬದಲಾಯಿಸಿಕೊಳ್ಳಿ ಅಂತಾರೆ. ಲೆಕ್ಕ ಹಾಕಿ ನೋಡಿದ್ದೇನೆ ಸ್ವಾಮಿ. ತಿಂಗಳಿಗೆ ಹತ್ತು ಹದಿನೈದು ಪಾರ್ಸೆಲ್‌ಗಾಗಿ ಇಡೀ ಅಂಗಡಿಯ ಲೆಕ್ಕ ಬದಲಾಗಬೇಕು. ಕಡೂರಿನಿಂದ, ಮೂಡಿಗೆರೆಯಿಂದ ಬಂದು ಕಾಲು ಕೆಜಿ ಒಯ್ಯುವವರಿಗೂ 5 ಪರ್ಸೆಂಟ್ ಜಿಎಸ್‌ಟಿ ಹಾಕಬೇಕು. ಬಿಲ್ಲು ಬಿಲ್ಲಿಗೂ ಲೆಕ್ಕ, ಅದನ್ನು ನೋಡಿಕೊಳ್ಳಲು ಇನ್ನೊಬ್ಬರಿಗೆ ಫೀಸು.

ಆ ಫೀಸನ್ನು ಎಲ್ಲಿಂದ ತರಲಿ? 2024ರಲ್ಲಿ ಬ್ರೆಜಿಲ್‌ನಲ್ಲೂ ವಿಯೆಟ್ನಾಂನಲ್ಲೂ ಮಳೆ ಕೈಕೊಟ್ಟು ಬೀಜದ ರೇಟು ಏರಿತು. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ರೇಟು ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು ಏಳುತ್ತೆ, ರೋಬಸ್ಟಾ ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು. ಬೆಳೆಗಾರರಿಗೆ ಒಳ್ಳೆಯದಾಯಿತು. ಖರ್ಚೂ ಹುಟ್ಟದ ವರ್ಷಗಳನ್ನು ಕಂಡವರು ಅವರು, ನನಗೆ ಅದರಲ್ಲಿ ನಿಜವಾಗಿಯೂ ಸಂತೋಷವಿದೆ. ಆದರೆ ನಾವು 100 ಕೆಜಿ ಬೀಜ ಹುರಿದರೆ ಪುಡಿ ಸಿಗುವುದು 82, 84 ಕೆಜಿ. ಉಳಿದದ್ದು ಹೊಗೆಯಲ್ಲಿ ಹೋಗುತ್ತೆ. ಬೀಜದ ರೇಟು ಏರಿದಾಗ ಆ ಹೊಗೆಯ ರೇಟೂ ಏರಿದ ಹಾಗೇ. ಜೊತೆಗೆ 19 ಕೆಜಿ ಕಮರ್ಷಿಯಲ್ ಸಿಲಿಂಡರ್. ಪ್ರತಿ ತಿಂಗಳು ಒಂದನೇ ತಾರೀಕು ಅದರ ರೇಟು ಏನಾಯಿತು ಅಂತ ನೋಡಿಕೊಂಡೇ ಅಂಗಡಿ ಬಾಗಿಲು ತೆಗೆಯುತ್ತೇನೆ.

ರೇಟು ಹಿಡಿದಿಡಲು ಒಂದು ಸುಲಭದ ದಾರಿ ಇದೆ, ಚಿಕೋರಿ ಜಾಸ್ತಿ ಮಾಡುವುದು. ಕಾನೂನಿನಲ್ಲಿ 49 ಪರ್ಸೆಂಟ್‌ವರೆಗೆ ಅವಕಾಶವಿದೆ, ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು ಅಷ್ಟೇ. ಅಪ್ಪ 20ರ ಮೇಲೆ ಹೋಗಲಿಲ್ಲ, ನಾನೂ ಹೋಗಿಲ್ಲ. ಹೋಗಬಾರದು ಅಂದರೆ ಬೇರೆ ಕಡೆ ವ್ಯಾಪಾರ ಬೆಳೀಬೇಕು. ಊರಿನಲ್ಲಿ ಅಂಗಡಿಗಳು ಜಾಸ್ತಿ ಆಗಿವೆ, ಗಿರಾಕಿಗಳು ಹಂಚಿಹೋಗಿದ್ದಾರೆ. ಹಾಗಾಗಿ ನನಗೆ ಉಳಿದಿರುವುದು ಹೊರಗಿನ ಊರು, ಹೊರಗಿನ ಫೋನು.

ಅಪ್ಪನ ಕಾಲದಲ್ಲಿ ಪ್ರಚಾರ ಅಂದರೆ ಹುರಿಯುವ ವಾಸನೆ. ಬೆಳಗ್ಗೆ ಮೆಷಿನ್ ಹಾಕಿದರೆ ರಸ್ತೆಯ ಆಚೆ ತುದಿಗೂ ಗೊತ್ತಾಗುತ್ತಿತ್ತು. ಈಗ ವಾಸನೆ ಜೊತೆಗೆ ಫೋನೂ ಬೇಕು, ಕಲಿತಿದ್ದೇವೆ. ಮಗಳು ರಜೆಗೆ ಬಂದಾಗ ಹುರಿಯುವುದನ್ನು ರೀಲ್ ಮಾಡಿ ಹಾಕುತ್ತಾಳೆ. ಅದನ್ನು ನೋಡಿ ಪುಣೆ, ಹೈದರಾಬಾದ್, ಕೊಚ್ಚಿಯಿಂದ ಕೇಳುತ್ತಾರೆ. ಕೇಳಿದವರಿಗೆಲ್ಲ ಅವಳು ಕ್ಷಮಿಸಿ ಅಂತ ಬರೆಯುತ್ತಾಳೆ. ಹೋದ ದಸರಾದಲ್ಲಿ ಪ್ರವಾಸಿಗರು ತುಂಬಿದ್ದ ಹೊತ್ತಿಗೇ ಫೋನಿನ ನಕ್ಷೆಯಲ್ಲಿ ನಮ್ಮ ಅಂಗಡಿ ಕಾಯಂ ಆಗಿ ಮುಚ್ಚಿದೆ ಅಂತ ಬಂತು. ಯಾರು ಬದಲಾಯಿಸಿದರೋ ಗೊತ್ತಿಲ್ಲ. ಸರಿಮಾಡಿಸಲು ಹನ್ನೊಂದು ದಿನ ಬೇಕಾಯಿತು. ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದರು. ನಾನು ತೆಗೆಯಲಿಲ್ಲ. ತೆರಿಗೆ ಕಟ್ಟಲು ನಮಗೆ ಹಿಂಜರಿಕೆ ಇಲ್ಲ. ಬೇಕಿರುವುದು ನಮ್ಮ ಅಳತೆಗೆ ತಕ್ಕ ನಿಯಮ.

ಇನ್ನೊಂದು ಮಾತು, ಹೆಸರಿನ ವಿಷಯ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಊರಿಗೇ ಹೆಮ್ಮೆ ಆಯಿತು. ಆದರೆ ಆ ಗುರುತನ್ನು ಪ್ಯಾಕೆಟ್ ಮೇಲೆ ಹಾಕಲು ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಬೇಕು, ಅದು ಆಗುವುದು ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ. ನಮ್ಮ ರಸ್ತೆಯಲ್ಲಿ ಹಾಗೆ ಮಾಡಿಸಿದ ಒಬ್ಬ ಸಣ್ಣ ಅಂಗಡಿಯವರೂ ನನಗೆ ಗೊತ್ತಿಲ್ಲ. ಅತ್ತ ಎಲ್ಲಿಯದೋ ಪುಡಿಗೆ ಚಿಕ್ಕಮಗಳೂರು ಕಾಫಿ ಅಂತ ಹೆಸರು ಹಚ್ಚಿ ದೇಶವೆಲ್ಲ ಮಾರುತ್ತಾರೆ. ನಮ್ಮ ಊರಿನ ಹೆಸರಿಗೆ ಯಾವ ಗಡಿಯೂ ಇಲ್ಲ, ನಮ್ಮ ಊರಿನ ಪುಡಿಗೆ ಇದೆ. ಇದು ನನಗೆ ತುಂಬಾ ನೋವಿನ ವಿಷಯ.

ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಸಂಸದರು ಕೂರುವುದಿಲ್ಲ ಅಂತ ನನಗೆ ಗೊತ್ತು. ಆದರೆ ನೀವು ಲೋಕಸಭೆಯಲ್ಲಿ ಕೇಳಬಹುದು, ಕೇಂದ್ರ ಹಣಕಾಸು ಸಚಿವರಿಗೆ ಬರೆಯಬಹುದು. ಕರಕುಶಲ ವಸ್ತು ಮಾರುವ ಸಣ್ಣವರಿಗೆ ಒಂದು ಮಿತಿಯವರೆಗೆ ನೋಂದಣಿ ಇಲ್ಲದೆಯೇ ಹೊರರಾಜ್ಯಕ್ಕೆ ಕಳಿಸಲು ಈಗಾಗಲೇ ರಿಯಾಯಿತಿ ಇದೆ. ಅದೇ ರೀತಿ ಕಾಂಪೋಸಿಷನ್‌ನಲ್ಲಿ ಇರುವ ನಮಗೂ ವರ್ಷಕ್ಕೆ ಇಷ್ಟು ಲಕ್ಷ ಅಂತ ಮಿತಿ ಹಾಕಿ, ಬಳಸುವವರ ಮನೆಗೆ ನೇರವಾಗಿ ಪಾರ್ಸೆಲ್ ಕಳಿಸಲು ಬಿಡಲಿ. ಅದರ ಮೇಲೆ ತೆರಿಗೆ ಸ್ವಲ್ಪ ಜಾಸ್ತಿ ಹಾಕಿದರೂ ಕಟ್ಟುತ್ತೇವೆ. ಕಿರು ಆಹಾರ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಮೆಷಿನ್‌ಗೆ 35 ಪರ್ಸೆಂಟ್ ಸಬ್ಸಿಡಿ ಕೊಟ್ಟಿದ್ದಾರೆ, ಹತ್ತು ಲಕ್ಷದವರೆಗೆ. ಮೆಷಿನ್ ಕೊಟ್ಟ ಮೇಲೆ ಅದರಲ್ಲಿ ಆದ ಪುಡಿ ಮಾರುವ ದಾರಿಯನ್ನೂ ಬಿಡಬೇಕು ಅಲ್ವಾ?

ಜಿಐ ವಿಷಯ ಇದಕ್ಕಿಂತ ಸುಲಭ. ಕಾಫಿ ಮಂಡಳಿಯಲ್ಲಿ ಸಂಸದರಿಗೂ ಸ್ಥಾನವಿದೆ. ಚಿಕ್ಕಮಗಳೂರಿನಲ್ಲಿ ತಿಂಗಳಿಗೆ ಒಂದು ದಿನ ಮಂಡಳಿಯವರು ಕೂತು ನಮ್ಮ ಅರ್ಜಿ ತುಂಬಿಸಿಕೊಂಡರೆ ಸಾಕು. ಕಾಗದ ಪತ್ರ ಎಲ್ಲ ನಾವೇ ತರುತ್ತೇವೆ.

ನೀವು ಊರಿಗೆ ಬಂದಾಗ ಒಮ್ಮೆ ಅಂಗಡಿಗೆ ಬನ್ನಿ. ಕಳಿಸಲಾಗದೆ ಬಿಟ್ಟ ಆರ್ಡರ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಆ ಚೆನ್ನೈ ಅಮ್ಮನದ್ದೇ ಇದೆ: ಪೀಬೆರಿ, ಎರಡು ಕೆಜಿ.

ಇಂತಿ ನಿಮ್ಮ ಮತದಾರ,
ಚಿಕ್ಕಮಗಳೂರಿನ ಒಬ್ಬ ಕಾಫಿಪುಡಿ ಅಂಗಡಿಯವನು